ರಾಜ್‌ಕುಮಾರ್ ಚಿತ್ರಪಟ್ಟಿ: ಮೊದಲ ಚಿತ್ರ ಯಾವುದು, ಲೆಕ್ಕ ಯಾಕೆ ತಾಳೆಯಾಗುತ್ತಿಲ್ಲ?

ನಟ ರಾಜ್‌ಕುಮಾರ್ ಅವರ ಚಿತ್ರಗಳ ಎರಡು ಪಟ್ಟಿ ಹೋಲಿಸಿದರೆ ಮೊದಲ ಚಿತ್ರದ ವರ್ಷವೂ ಒಟ್ಟು ಲೆಕ್ಕವೂ ಹೊಂದುತ್ತಿಲ್ಲ ಅಂತ ಕೇಳಿದ್ದೀರಿ. ಮೊದಲ ಚಿತ್ರದ ವರ್ಷ ಬೇರೆಬೇರೆ ಇರುವುದು ಬಹುಶಃ ಅಚ್ಚಿನ ತಪ್ಪಲ್ಲ, ‘ಮೊದಲು’ ಅನ್ನೋದರ ಗೊಂದಲ. ‘ಭಕ್ತ ಪ್ರಹ್ಲಾದ’ (1942) ಬಾಲನಟನಾಗಿ, ‘ಶ್ರೀ ಶ್ರೀನಿವಾಸ ಕಲ್ಯಾಣ’ (1952) ಸಣ್ಣ ಪಾತ್ರದಲ್ಲಿ, ‘ಬೇಡರ ಕಣ್ಣಪ್ಪ’ (1954) ನಾಯಕನಾಗಿ. ಮೊದಲು ಪಟ್ಟಿಗೆ ‘ಪಾತ್ರದ ಬಗೆ’ ಅಂತ ಒಂದು ಕಾಲಂ ಸೇರಿಸಿ. ಆಮೇಲೆ 1954ಕ್ಕಿಂತ ಹಿಂದಿನದನ್ನು ಅವರ ಮೂಲ ಹೆಸರಾದ ಮುತ್ತುರಾಜ್ ಹೆಸರಲ್ಲಿ ಹುಡುಕಿ. ರಾಜ್‌ಕುಮಾರ್ ಅಂತ ಹೆಸರಿಟ್ಟದ್ದೇ ‘ಬೇಡರ ಕಣ್ಣಪ್ಪ’ದ ನಿರ್ದೇಶಕ ಎಚ್.ಎಲ್.ಎನ್. ಸಿಂಹ.

ಒಟ್ಟು ಲೆಕ್ಕದಲ್ಲಿ ಒಂದು ಹೆಚ್ಚಿದ್ದರೆ ‘ಕಾಳಹಸ್ತಿ ಮಹಾತ್ಮ್ಯಂ’ ಸೇರಿರಬಹುದು. ಅದು ಕಣ್ಣಪ್ಪನದೇ ತೆಲುಗು ರೂಪ, ನಾಯಕನಾಗಿ ಅವರ ಒಂದೇ ಕನ್ನಡೇತರ ಚಿತ್ರ. ಇನ್ನೂ ಹೆಚ್ಚಿದ್ದರೆ ಬರೀ ಹಾಡಿದ ಚಿತ್ರಗಳು ನುಸುಳಿರುತ್ತವೆ, ತಮ್ಮ ಮಕ್ಕಳು ನಟಿಸಿದ ಚಿತ್ರಗಳಿಗೂ ಹಾಡಿದ್ದಾರಲ್ಲ. ಅವನ್ನು ಬೇರೆ ಹಾಳೆಗೆ ಹಾಕಿ, ಮತ್ತೆ ಎಣಿಸಿ.