ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಚಂದ್ರನಿಗೆ ಬಿಳಿ ಬಣ್ಣ ಹಚ್ಚುತ್ತಾರೆಯೇ?

ಇಲ್ಲ, ಹಚ್ಚುವುದಿಲ್ಲ. ಹತ್ತೊಂಬತ್ತನೇ ಶತಮಾನದ ಜಪಾನಿ ಕಲಾವಿದ ಹಿರೊಶಿಗೆ ಬರೆದ ಕನಜಾವಾ ಕರಾವಳಿಯ ಬೆಳದಿಂಗಳ ಚಿತ್ರ ನೋಡಿದ ನೀವು, ಹಲಗೆಯಿಂದ ಒತ್ತಿದ ಆಕಾಶ ಅಷ್ಟು ನಯವಾಗಿ ತಿಳಿಯಾಗುವುದು ಹೇಗೆ ಎಂದೂ ಕೇಳಿದ್ದೀರಿ. ನಾನೂ ಮರ ಕೆತ್ತಿ ಮುದ್ರಿಸುವವನಾದ್ದರಿಂದ ಈ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು.

ಅಲ್ಲಿ ಚಂದ್ರ ಎಂದರೆ ಬರಿಯ ಕಾಗದ. ಆಕಾಶದ ನೀಲಿಗೆ ಮೀಸಲಾದ ಹಲಗೆಯಲ್ಲಿ ಚಂದ್ರನಷ್ಟು ಜಾಗವನ್ನು ಉಳಿಯಿಂದ ತೆಗೆದು ತಗ್ಗಾಗಿಸುತ್ತಾರೆ. ಅಲ್ಲಿ ಬಣ್ಣ ಕಾಗದಕ್ಕೆ ತಾಗುವುದಿಲ್ಲ. ನೀಲಿ ಎಲ್ಲಿ ನಿಲ್ಲುತ್ತದೋ ಅದೇ ಚಂದ್ರನ ಅಂಚು. ಕೋಜೊ ಗಿಡದ ನಾರಿನ ಆ ಕಾಗದ ಅಚ್ಚ ಬಿಳಿಯಲ್ಲ, ತುಸು ಕೆನೆಬಣ್ಣದ್ದು. ಬೆಳಕು ಹಿತವಾಗಿ ಕಾಣುವುದು ಅದರಿಂದಲೇ.

ಇನ್ನು ಆಕಾಶ. ಅದರ ಛಾಯೆ ಹಲಗೆಯಲ್ಲಿ ಕೆತ್ತಿದ್ದಲ್ಲ, ಮುದ್ರಕ ಪ್ರತಿ ಹಾಳೆಗೂ ಹೊಸದಾಗಿ ಮಾಡಿದ್ದು. ಇದಕ್ಕೆ ಬೊಕಾಶಿ ಎನ್ನುತ್ತಾರೆ. ಬಣ್ಣ ತಿಳಿಯಾಗಬೇಕಾದ ಕಡೆ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕುಂಚದ ಒಂದು ಅಂಚಿಗೆ ಮಾತ್ರ ಬಣ್ಣ ಹಿಡಿಸಿ ಅಡ್ಡಲಾಗಿ ಎಳೆಯುತ್ತಾರೆ. ಒದ್ದೆಯಲ್ಲಿ ನೀಲಿ ಕರಗುತ್ತಾ ಹೋಗುತ್ತದೆ. ಬಟ್ಟೆಯಲ್ಲಿ ನೀರು ಹೆಚ್ಚಾದರೆ ಕಲೆ, ಕಡಿಮೆಯಾದರೆ ಗೆರೆ. ಮೇಲೆ ಕಾಗದವಿಟ್ಟು, ಬಿದಿರಿನ ಪೊರೆ ಸುತ್ತಿದ ಬಾರೆನ್ ಎಂಬ ದುಂಡು ಸಾಧನದಿಂದ ಉಜ್ಜುತ್ತಾರೆ. ಯಂತ್ರ ಎಲ್ಲೂ ಇಲ್ಲ.

1857ರ ಈ ಚಿತ್ರ ಮೂರು ಹಾಳೆಗಳದ್ದು ಎಂಬುದನ್ನು ಮರೆಯಬೇಡಿ. ಪ್ರತಿ ಹಾಳೆಗೂ ಬೇರೆಯೇ ಹಲಗೆಗಳು. ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಆಕಾಶದ ನೀಲಿ ಒಂದೇ ಎತ್ತರದಲ್ಲಿ, ಒಂದೇ ಗಾಢತೆಯಲ್ಲಿ ಕೂಡಿಕೊಳ್ಳಬೇಕು. ನನ್ನ ಪಾಲಿಗೆ ಈ ಚಿತ್ರದ ದೊಡ್ಡ ಸಾಧನೆ ಆ ಕೂಡುಗೆರೆಗಳಲ್ಲಿದೆ. ಆದರೂ ಹಾಳೆಯ ಮೇಲೆ ಚಿತ್ರ ಬರೆದ ಹಿರೊಶಿಗೆಯ ಸಹಿ ಇರುತ್ತದೆ, ಮುದ್ರಕನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಇದು ನನ್ನನ್ನು ಕಾಡುವ ಸಂಗತಿ.

ಬಣ್ಣದ ಪಾಲೂ ಸಣ್ಣದಲ್ಲ. ಯುರೋಪಿನ ಪ್ರಶ್ಯನ್ ನೀಲಿ ಎಂಬ ಗಾಢ ಬಣ್ಣ 1830ರ ಸುಮಾರಿಗೆ ಜಪಾನಿನ ಮುದ್ರಣದಲ್ಲಿ ಧಾರಾಳವಾಗಿ ಬಳಕೆಗೆ ಬಂತು. ಎಷ್ಟು ತೆಳುವಾಗಿಸಿದರೂ ಅದರ ಕಳೆ ಕೆಡುವುದಿಲ್ಲ.

ಅಂದ ಹಾಗೆ, ಚಿತ್ರದಲ್ಲಿರುವ ಕನಜಾವಾ ಇಶಿಕಾವಾ ಪ್ರಾಂತ್ಯದ ಪ್ರಸಿದ್ಧ ಕನಜಾವಾ ನಗರವಲ್ಲ. ಈಗ ಯೊಕೊಹಾಮಾದೊಳಗೆ ಸೇರಿರುವ ಕರಾವಳಿ ಇದು. ಸಮುದ್ರಕ್ಕೆ ಮಣ್ಣು ತುಂಬಿಸಿದ್ದರಿಂದ ಹಿರೊಶಿಗೆ ಕಂಡ ಕೊಲ್ಲಿ ಇಂದು ಹಾಗೆ ಉಳಿದಿಲ್ಲ.

ಇಂಥ ಚಿತ್ರ ಕೊಳ್ಳುವ ಆಲೋಚನೆಯಿದ್ದರೆ ಹಾಳೆಯನ್ನು ತಿರುಗಿಸಿ ನೋಡಿ. ಕೈಯಿಂದ ಒತ್ತಿದ್ದರಲ್ಲಿ ಬಣ್ಣ ಸಾಮಾನ್ಯವಾಗಿ ಹಿಂಬದಿಗೂ ಇಳಿದಿರುತ್ತದೆ, ಬಾರೆನ್ ಉಜ್ಜಿದ ಗುರುತೂ ಸಿಗಬಹುದು. ಆಫ್‌ಸೆಟ್ ಯಂತ್ರದಲ್ಲಿ ಮುದ್ರಿಸಿದ ಪ್ರತಿಯಾದರೆ ಭೂತಗನ್ನಡಿಯ ಕೆಳಗೆ ಆಕಾಶವೆಲ್ಲ ಚುಕ್ಕೆಗಳಾಗಿ ಒಡೆಯುತ್ತದೆ. ಹೊಸ ಹಲಗೆ ಕೆತ್ತಿ ಕೈಯಿಂದಲೇ ತೆಗೆದ ಮರುಮುದ್ರಣಗಳಿಗೆ ಮಾತ್ರ ಈ ಪರೀಕ್ಷೆ ಸಾಲದು. ಹಣ ಕೊಡುವ ಮೊದಲು ಬಲ್ಲವರಿಗೆ ತೋರಿಸಿ.