ಲೋಲ್ ಎಂದರೆ ಪ್ರೀತಿಯೋ, ನಗುವೋ?

ಪ್ರಶ್ನೆ: ಸೊಂಟ ಹಿಡಿದುಕೊಂಡು ಮಲಗಿದ್ದೇನೆ ಎಂದು ಬೆಂಗಳೂರಿನಲ್ಲಿರುವ ಅಣ್ಣನ ಮಗಳಿಗೆ ವಾಟ್ಸಾಪ್ ಮಾಡಿದ್ದೆ. ‘ಬೇಗ ಹುಷಾರಾಗಿ ಅತ್ತೆ, ಎಲ್‌ಒಎಲ್’ ಎಂದು ಉತ್ತರ ಬಂತು. ತುಂಬಾ ಪ್ರೀತಿ ಅಂತ ತಿಳಿದು ಖುಷಿಪಟ್ಟೆ. ಪಕ್ಕದ ಮನೆ ಹುಡುಗ ‘ಜೋರಾಗಿ ನಗೋದು’ ಅಂತಾನೆ. ಯಾವುದು ಸರಿ? ಇದು ಎಲ್ಲಿಂದ ಬಂತು?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಎರಡೂ ಸರಿ, ಅಮ್ಮಾ. ‘ಲಾಟ್ಸ್ ಆಫ್ ಲವ್’ ಎಂದು ಓದಿದವರು ನೀವೊಬ್ಬರೇ ಅಲ್ಲ. ಬ್ರಿಟನ್ ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರೂನ್ ಕೂಡ ಅದೇ ಅರ್ಥದಲ್ಲಿ ಮೆಸೇಜಿನ ಕೊನೆಗೆ ಈ ಮೂರಕ್ಷರ ಹಾಕುತ್ತಿದ್ದರಂತೆ. ಹೀಗೆಂದು 2012ರಲ್ಲಿ ಅಲ್ಲಿನ ವಿಚಾರಣೆಯೊಂದರಲ್ಲಿ ಹೇಳಿದವರು ಮಾಜಿ ಸಂಪಾದಕಿ ರೆಬೆಕಾ ಬ್ರೂಕ್ಸ್. ಅದರರ್ಥ ‘ಲಾಫ್ ಔಟ್ ಲೌಡ್’, ಅಂದರೆ ಜೋರಾಗಿ ನಗು ಅಂತ ಇವರೇ ತಿಳಿಸಿದ ಮೇಲೆ ಪ್ರಧಾನಿ ಬಿಟ್ಟುಬಿಟ್ಟರಂತೆ.

1960ರ ಹೊತ್ತಿಗೆ ಇದಕ್ಕೆ ‘ಲಿಟಲ್ ಓಲ್ಡ್ ಲೇಡಿ’, ಅಂದರೆ ವಯಸ್ಸಾದ ಅಜ್ಜಿ ಎಂಬ ಅರ್ಥವೂ ಇತ್ತು. ನಗು ಸೇರಿಕೊಂಡಿದ್ದು ಆಮೇಲೆ, ಫೋನ್ ಲೈನಿಗೆ ಕಂಪ್ಯೂಟರ್ ಜೋಡಿಸಿ ಟೈಪ್ ಮಾಡುತ್ತಾ ಹರಟುತ್ತಿದ್ದವರಿಂದ. ಎದುರಿನವರ ಮುಖ ಕಾಣದು, ನಗು ಕೇಳಿಸದು. ನಕ್ಕೆ ಅಂತ ಬರೆದೇ ತಿಳಿಸಬೇಕಿತ್ತು. 1989ರ ಮೇ ತಿಂಗಳ ‘ಫೈಡೋನ್ಯೂಸ್’ ಎಂಬ ಕಂಪ್ಯೂಟರ್ ಪತ್ರಿಕೆಯ ಪಟ್ಟಿಯಲ್ಲಿ ಈ ಅರ್ಥ ಸಿಗುತ್ತದೆ. 2011ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೂ ಬಂತು. ಥಾಯ್ಲೆಂಡಿನವರು ನಗುವಿಗೆ 555 ಎಂದು ಬರೆಯುತ್ತಾರೆ. ಅವರ ಭಾಷೆಯಲ್ಲಿ ಐದಕ್ಕೆ ‘ಹಾ’ ಅಂತಾರೆ. ನನಗೆ ಇದು ಬಹಳ ಇಷ್ಟ.

ನಾನು ತಂತಿ, ಅಂದರೆ ಟೆಲಿಗ್ರಾಂ ಕಚೇರಿಯಲ್ಲಿ ಕೆಲಸ ಮಾಡಿದವನು. ಮದುವೆ ಸೀಸನ್ನಿನಲ್ಲಿ ಮಂಡಿಪೇಟೆ ಅಂಗಡಿಯವರು ಕೌಂಟರಿಗೆ ಬಂದು ಪಟ್ಟಿಯಲ್ಲಿದ್ದ ಸಿದ್ಧ ಶುಭಾಶಯ ವಾಕ್ಯದ ನಂಬರ್ ಹೇಳುತ್ತಿದ್ದರು. ಪೂರ್ತಿ ವಾಕ್ಯ ಕಳಿಸಿದರೆ ಪದಕ್ಕಿಷ್ಟು ಅಂತ ದುಡ್ಡು ಜಾಸ್ತಿ. ನಾವು ಬರೀ ನಂಬರ್ ಕಳಿಸುತ್ತಿದ್ದೆವು. ಆ ಕಡೆಯವರು ಅದನ್ನು ವಾಕ್ಯ ಮಾಡಿ ಬರೆದು ಮನೆಗೆ ಮುಟ್ಟಿಸುತ್ತಿದ್ದರು. ಎರಡೂ ಕಡೆ ಒಂದೇ ಪಟ್ಟಿ ಇತ್ತು, ಅದಕ್ಕೇ ಗೊಂದಲ ಇರಲಿಲ್ಲ. ನಿಮ್ಮ ಬಳಿ ಇರುವ ಪಟ್ಟಿ ಬೇರೆ, ಆ ಹುಡುಗಿಯದು ಬೇರೆ.

ಇನ್ನೊಂದು ಮಾತು. ಈಗಿನ ಮಕ್ಕಳು ನಗು ಬರದಿದ್ದರೂ ಇದನ್ನು ಹಾಕುತ್ತಾರೆ. ನಾವು ಮಾತಿನ ಕೊನೆಗೆ ‘ಅಲ್ವಾ’ ಸೇರಿಸುವ ಹಾಗೆ, ಮಾತು ಬಿರುಸಾಗಿ ಕೇಳಿಸದಿರಲಿ ಅಂತ. ‘ಬೇಗ ಹುಷಾರಾಗಿ ಅತ್ತೆ’ ಎಂದು ಬರೆದವಳು ನಿಮ್ಮ ನೋವಿಗೆ ನಕ್ಕಿರಲಾರಳು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮೆಸೇಜ್ ಬೇಡ, ಇವತ್ತೇ ಫೋನ್ ಮಾಡಿ ಕೇಳಿಬಿಡಿ.