ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಮೂರು ತಿಂಗಳಿಗೊಮ್ಮೆ ಪೆಟ್ ಸ್ಕ್ಯಾನ್ ಬೇಕೇ?

ತಾಯಿಗೆ ವರ್ಷಕ್ಕೊಂದು ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಸಾಕೆಂದು ವೈದ್ಯರು ಹೇಳಿದ್ದಾರೆ, ಮೂರು ತಿಂಗಳಿಗೊಮ್ಮೆ ಪೆಟ್ ಸ್ಕ್ಯಾನ್ ಮಾಡಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಿದ್ದೀರಿ. ಗಂಗಾವತಿಯ ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ಬೆಂಗಳೂರಿನ ವೈದ್ಯರು ಅವ್ವನನ್ನು ಕೈಯಿಂದ ಪರೀಕ್ಷಿಸಿ, ಕೆಮ್ಮು, ಮೂಳೆನೋವು ಇದೆಯೇ ಎಂದು ವಿಚಾರಿಸಿ ಕಳಿಸಿಬಿಟ್ಟಾಗ, ಇಷ್ಟಕ್ಕಾಗಿ ರಾತ್ರಿಯಿಡೀ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಂದೆವೇ ಎಂದು ನನಗೆ ಸಿಟ್ಟು ಬಂದಿತ್ತು. ಭತ್ತ ಮಾರಿದ ಹಣ ಕೈಯಲ್ಲಿತ್ತು. ಪರಿಚಯದ ವೈದ್ಯರೊಬ್ಬರಿಂದ ಚೀಟಿ ಬರೆಸಿಕೊಂಡು ಖಾಸಗಿ ಕೇಂದ್ರವೊಂದರಲ್ಲಿ ಪೆಟ್ ಸ್ಕ್ಯಾನ್ ಮಾಡಿಸಿದೆ.

ಅಲ್ಲಿ ಹೆಸರು ಬರೆಸುವಾಗ, ಹಳೆಯ ಸ್ಕ್ಯಾನ್ ತಂದಿದ್ದೀರಾ ಎಂದು ಕೌಂಟರಿನವರು ಕೇಳಿದರು. ಶಸ್ತ್ರಚಿಕಿತ್ಸೆಗೆ ಮುಂಚಿನ ಸಿಟಿ ಸ್ಕ್ಯಾನಿನ ಫಿಲ್ಮು, ಸಿಡಿ ಎರಡೂ ಮನೆಯ ಅಲಮಾರಿನ ಮೇಲಿದ್ದವು. ಹೊಸ ಯಂತ್ರಕ್ಕೆ ಹಳೆಯ ಫಿಲ್ಮಿನ ಹಂಗೇಕೆ ಎಂದುಕೊಂಡು ಇಲ್ಲವೆಂದೆ. ನಾನು ಮಾಡಿದ ತಪ್ಪು ಇದೇ, ಸ್ಕ್ಯಾನ್ ಮಾಡಿಸಿದ್ದಕ್ಕಿಂತಲೂ ದೊಡ್ಡದು. ಎದೆಯ ನಡುವೆ ಗಂಟೊಂದು ಹೊಳೆಯುತ್ತಿದೆ, ಕ್ಯಾನ್ಸರ್ ಮರಳಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದು ವರದಿ ಬಂತು. ಪೆಟ್ ಸ್ಕ್ಯಾನ್ ತೋರಿಸುವುದು ಚುಚ್ಚಿದ ಸಕ್ಕರೆಯಂಥ ವಸ್ತುವನ್ನು ದೇಹದ ಯಾವ ಭಾಗ ಹೆಚ್ಚು ಹೀರಿಕೊಂಡಿತು ಎಂಬುದನ್ನು. ಕ್ಷಯದ ಗಂಟೂ ಅದನ್ನು ಹೀರುತ್ತದೆ, ಉರಿಯೂತವೂ ಹೀರುತ್ತದೆ. ಗಂಟು ಇದೆ ಎನ್ನಲು ಒಂದು ಚಿತ್ರ ಸಾಕು, ಬೆಳೆದಿದೆ ಎನ್ನಲು ಎರಡು ಬೇಕು. ಎರಡನೆಯದು ಇಲ್ಲದ ಕಾರಣ ಅವ್ವನ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಸೂಜಿಯಿಂದ ಮಾದರಿ ತೆಗೆದರು. ಫಲಿತಾಂಶ ಬರುವವರೆಗೆ ಅವ್ವ ಸರಿಯಾಗಿ ಊಟ ಮಾಡಲಿಲ್ಲ. ತಂಗಿಯ ಮದುವೆಯನ್ನು ಬೇಗ ಮುಗಿಸಿಬಿಡಿ ಎನ್ನುತ್ತಿದ್ದಳು. ಕ್ಯಾನ್ಸರ್ ಇರಲಿಲ್ಲ. ಆಮೇಲೆ ಹಳೆಯ ಸಿಡಿ ಹಾಕಿ ನೋಡಿದರೆ ಅದೇ ಗಂಟು, ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಮೊದಲೇ ಇತ್ತು.

ಆದ್ದರಿಂದ ಎಷ್ಟು ತಿಂಗಳಿಗೊಮ್ಮೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 1994ರಲ್ಲಿ ಪ್ರಕಟವಾದ ಇಟಲಿಯ ಎರಡು ಅಧ್ಯಯನಗಳಲ್ಲಿ, ಎದೆಯ ಎಕ್ಸ್‌ರೇ, ಮೂಳೆ ಸ್ಕ್ಯಾನ್‌ಗಳನ್ನು ಆಗಾಗ ಮಾಡಿಸಿಕೊಂಡ ಸ್ತನ ಕ್ಯಾನ್ಸರ್ ರೋಗಿಗಳು ಉಳಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಆರಂಭದ ಹಂತದಲ್ಲಿ ಪತ್ತೆಯಾಗಿ ಚಿಕಿತ್ಸೆ ಮುಗಿದವರಿಗೆ, ತೊಂದರೆಯೇನೂ ಇಲ್ಲದಿದ್ದರೆ, ಮೊದಲ 3 ವರ್ಷ 3ರಿಂದ 6 ತಿಂಗಳಿಗೊಮ್ಮೆ ವೈದ್ಯರ ತಪಾಸಣೆ ಮತ್ತು ವರ್ಷಕ್ಕೊಂದು ಮ್ಯಾಮೋಗ್ರಾಂ ಎಂಬುದೇ ಈಗಿನ ಪದ್ಧತಿ. ಪಕ್ಕದ ಮನೆಯವರಿಗೆ ಹೆಚ್ಚು ಬರೆದಿದ್ದಾರೆಂದು ಹೋಲಿಸಬೇಡಿ. ದೊಡ್ಡ ಕರುಳಿನ ಕ್ಯಾನ್ಸರ್ ಎರಡನೇ ಅಥವಾ ಮೂರನೇ ಹಂತದಲ್ಲಿದ್ದವರಿಗೆ 5 ವರ್ಷದವರೆಗೂ ಸಿಟಿ ಸ್ಕ್ಯಾನ್ ಬರೆಯುತ್ತಾರೆ. ಗಂಟಲಿನ ಕ್ಯಾನ್ಸರಿಗೆ ಕೀಮೋ, ವಿಕಿರಣ ಎರಡೂ ಆದವರಿಗೆ ಸುಮಾರು 12 ವಾರ ಕಳೆದ ಮೇಲೆ ಪೆಟ್ ಸ್ಕ್ಯಾನ್ ಮಾಡುತ್ತಾರೆ; ಅವಸರ ಮಾಡಿದರೆ ವಿಕಿರಣದ ಉರಿಯೂತವೇ ಹೊಳೆಯುತ್ತದೆ.

ನಿಮ್ಮ ತಾಯಿಗೆ ವಾರಗಟ್ಟಲೆ ಕಡಿಮೆಯಾಗದ ಬೆನ್ನುನೋವು, ಏದುಸಿರು, ಹೊಸ ಗಂಟು ಕಂಡರೆ ಮಾತ್ರ ಮುಂದಿನ ತಾರೀಕಿಗೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅವರು ಸ್ಕ್ಯಾನ್ ಬರೆದರೆ ಹಳೆಯ ಸಿಡಿಯೂ ಜೊತೆಗಿರಲಿ, ಏಕೆಂದರೆ ಬರೀ ವರದಿಯ ಕಾಗದದಿಂದ ಗಂಟನ್ನು ಅಳೆದು ಹೋಲಿಸಲು ಬರುವುದಿಲ್ಲ.